ಬಾಯಿ ಒಣಗಿದ ದಿನ

"ತಲೆ ವಾಲ್ತಾ ಇದೆ, ಗಟ್ಟಿ ಹಿಡ್ಕ ಮಾರಾಯ," ಎನ್ನುತ್ತ ದಾಯಾದಿ ಮಲ್ಲೇಶಪ್ಪ ಪುಟ್ಟಪ್ಪನ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿದ. ಹಣೆಗೆ ಬಟ್ಟೆ ಬಿಗಿದು ಮೇಲಿನ ಮೊಳೆಗೆ ಕಟ್ಟಿದ. ಮೊನ್ನೆಯ ಮದುವೆಯ ಚಪ್ಪರ ಇನ್ನೂ ಬಿಚ್ಚಿರಲಿಲ್ಲ. ಮದುಮಗಳು ಸಿರಿ ಸುದ್ದಿ ಕೇಳಿ ಗಂಡನ ಮನೆಯಿಂದ ಓಡಿಬಂದವಳು ಕಂಬ ಹಿಡಿದು ದೂರವೇ ನಿಂತಿದ್ದಳು. ಸೋದರಮಾವ ಪುಟ್ಟಪ್ಪನ ಜೊಲ್ಲು ತಾಗಿದರೆ ಮೂರ್ಛೆರೋಗ ಅಂಟುತ್ತದೆಂದು ಊರವರು ಚಿಕ್ಕಂದಿನಿಂದ ಅವಳನ್ನು ಹೆದರಿಸಿದ್ದರು.

ಸಿರಿಯ ತಾಯಿ ಪ್ರೇಮಕ್ಕನ ಕೈ ಟವಲು ಹಿಡಿದು ತಮ್ಮನ ಬಾಯಿಯ ಹತ್ತಿರ ಹೋಗಿ ಹೋಗಿ ಬರುತ್ತಿತ್ತು. ಒರೆಸಲು ಏನೂ ಇರಲಿಲ್ಲ.

"ಮೊನ್ನೆ ಪಂಕ್ತೀಲಿ ಎಷ್ಟು ಚಂದಾಗಿ ಕೂತಿದ್ದ," ಎಂದಳು ಪಕ್ಕದ ಮನೆಯ ಗುಡ್ಡಮ್ಮ. "ಬಾಯಿಂದ ಒಂದು ಹನಿ ಬೀಳ್ಲಿಲ್ಲ. ದೇವರು ಕಣ್ಣು ಬಿಟ್ಟ ಅಂದ್ಕೊಂಡೆ."

ಪ್ರೇಮಕ್ಕ ಒಣ ಟವಲನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

*

ಹಿಂದಿನ ವರ್ಷ, ಎರಡು ಸಾವಿರದ ಆರರಲ್ಲಿ, ಕೊಪ್ಪದ ಕ್ಯಾಂಪಿಗೆ ಬಂದ ಡಾಕ್ಟರು ಜೊಲ್ಲಿನ ಮೇಲೆಯೇ ಸಂಶೋಧನೆ ಮಾಡುತ್ತಿದ್ದರು.

"ಫಿಟ್ಸಿಗೆ ಕೊಡೋ ಈ ಫೆನೋಬಾರ್ಬಿಟೋನ್ ಮಾತ್ರೆಯಿಂದ ಜೊಲ್ಲು ಹೆಚ್ಚಾಗುತ್ತಾ ಅಂತ ನೋಡ್ತಿದೀವಮ್ಮ. ಇನ್ನೂ ಖಾತ್ರಿ ಇಲ್ಲ. ನೀವಾಗೇ ನಿಲ್ಲಿಸಬೇಡಿ, ಫಿಟ್ಸ್ ಜೋರಾಗುತ್ತೆ. ಮತ್ತೆ, ಜೊಲ್ಲಿಂದ ಯಾರಿಗೂ ಏನೂ ಅಂಟಲ್ಲ."

ಪುಟ್ಟಪ್ಪನ ಕಿವಿಗೆ ಬಿದ್ದದ್ದು ಮೊದಲ ಮಾತೊಂದೇ. ಹಿತ್ತಲ ಬಾಗಿಲಲ್ಲಿ ಬೇರೆ ಎಲೆ ಹಾಕಿಸಿಕೊಂಡು ಉಂಡೇ ಬೆಳೆದವನಿಗೆ ಅಷ್ಟು ಸಾಕಿತ್ತು.

"ಸಿರಿ ಮದುವೇಲಿ ನಾನೂ ಪಂಕ್ತೀಲಿ ಕೂರ್ತೀನಕ್ಕ," ಎಂದಿದ್ದ, ಬಸ್ಸಿನಲ್ಲಿ.

ಮದುವೆ ಹತ್ತಿರ ಬಂದಾಗ ಅವನ ದಿಂಬು ಒಣಗಿದ್ದನ್ನು ಪ್ರೇಮಕ್ಕ ಕಂಡಳು. ಮಾತ್ರೆ ನುಂಗಿದೆಯಾ ಎಂದು ಕೇಳಬೇಕಿತ್ತು. ಬೀಗರ ಮುಂದೆ ಮಾನ ಉಳಿಯಿತೆಂಬ ಖುಷಿಯಲ್ಲಿ ಜಾಣಕುರುಡಿಯಾದಳು. ಮದುವೆಯ ಮರುದಿನ ಕೆರೆಯ ಮೆಟ್ಟಿಲಲ್ಲಿ ಕಾಲು ತೊಳೆಯುತ್ತಿದ್ದ ಪುಟ್ಟಪ್ಪನಿಗೆ ಫಿಟ್ಸ್ ಬಂತು, ನೀರಿಗೆ ಬಿದ್ದ.

*

ಗುಂಡಿಯಲ್ಲಿ ಕೂರಿಸಿ ವಿಭೂತಿ, ಬಿಲ್ವಪತ್ರೆ ಹಾಕಿದರು.

"ಒಂದು ಹಿಡಿ ಮಣ್ಣು ಹಾಕಕ್ಕ," ಎಂದ ಮಲ್ಲೇಶಪ್ಪ.

ಪ್ರೇಮಕ್ಕ ಮಣ್ಣು ಹಿಡಿದು ನಿಂತೇ ಇದ್ದಳು. "ಸ್ವಲ್ಪ ತಡಿಯಾ. ಫಿಟ್ಸ್ ಬಂದ್ಮೇಲೆ ಹಿಂಗೇ ನಿದ್ದೆ ಮಾಡ್ತಾನೆ. ಎದ್ದು ನೀರು ಕೇಳ್ತಾನೆ."

ಕಾದು ಕಾದು, ಕೊನೆಗೆ ಗುದ್ದಲಿಯವರೇ ಮುಚ್ಚಿದರು.

ಮನೆಗೆ ಬಂದು ಬಚ್ಚಲಲ್ಲಿ ಕೂತಾಗಲೂ ಮಣ್ಣು ಪ್ರೇಮಕ್ಕನ ಮುಷ್ಟಿಯಲ್ಲೇ ಇತ್ತು. ಹೆಬ್ಬೆರಳು ಒಳಗೆ ಮಡಚಿ ಬಿಗಿದುಕೊಂಡಿತ್ತು. ಬಿಡಲು ನೋಡಿದಳು, ಕೈ ಕೇಳಲಿಲ್ಲ. ಸಿರಿ ಬಂದು ಎದುರಿಗೆ ಕುಕ್ಕರಗಾಲಲ್ಲಿ ಕೂತಳು. ಅಮ್ಮನ ಕೈ ಎತ್ತಿಕೊಂಡಳು. ಪ್ರತಿಸಲ ಫಿಟ್ಸ್ ಬಂದಾಗಲೂ ಪ್ರೇಮಕ್ಕ ತಮ್ಮನಿಗೆ ಮಾಡುತ್ತಿದ್ದ ಹಾಗೆಯೇ, ಕಿರುಬೆರಳಿನಿಂದ ಶುರುಮಾಡಿ, ಒಂದೊಂದಾಗಿ ಬಿಡಿಸತೊಡಗಿದಳು.