ಅಣ್ಣ ಅಲ್ಲದವನು

ವಿತರಕ ಹಾಕಿದ್ದು ಒಂದೇ ಷರತ್ತು: ಸಿನಿಮಾ ಮನೆಮಂದಿಯೆಲ್ಲ ಕೂತು ನೋಡುವಂತಿರಬೇಕು. ಸಿನಿಮಾ ಪರದೇಶದ್ದು. ಇಬ್ಬರು ಹುಡುಗರು ಹಳೆಯ ಕಾರೊಂದರಲ್ಲಿ ಬೆಟ್ಟದೂರಿನಿಂದ ಸಮುದ್ರದವರೆಗೆ ಹೋಗುತ್ತಾರೆ. ದಾರಿಯುದ್ದಕ್ಕೂ ಜಗಳವಾಡುತ್ತಾರೆ, ಪಂಕ್ಚರ್ ಹಾಕುತ್ತಾರೆ, ಒಬ್ಬರನ್ನೊಬ್ಬರು ಪ್ರೀತಿಸುತ್ತಾರೆ. ಮುತ್ತಿನ ದೃಶ್ಯಗಳಿಗೆ ವಿತರಕನೇ ಕತ್ತರಿ ಹಾಕಿಸಿದ್ದ. ಉಳಿದದ್ದು ಮೇಷ್ಟ್ರ ಪಾಲಿಗೆ ಬಂತು.

ಡಬ್ಬಿಂಗ್ ಸ್ಟುಡಿಯೋದಲ್ಲಿ ಸಂಭಾಷಣೆ ಬರೆಯುವುದು, ಅದನ್ನು ಕಲಾವಿದರಿಂದ ಹೇಳಿಸುವುದು ಎರಡೂ ಅವರ ಕೆಲಸ. ಎಲ್ಲರ ಉಚ್ಚಾರಣೆ ತಿದ್ದುತ್ತಿದ್ದುದರಿಂದ ಮೇಷ್ಟ್ರು ಎಂಬ ಹೆಸರು ಅಂಟಿಕೊಂಡಿತ್ತು. ಅವರು ಹೆಚ್ಚು ತಲೆ ಕೆಡಿಸಿಕೊಳ್ಳದೆ ಆ ಇಬ್ಬರನ್ನೂ ಅಣ್ಣತಮ್ಮಂದಿರನ್ನಾಗಿ ಮಾಡಿಬಿಟ್ಟರು. ಪ್ರೀತಿಯ ಮಾತು ಬಂದಲ್ಲೆಲ್ಲ ‘ಅಣ್ಣಾ’ ಎಂದು ಬರೆದರು. ಆ ಪದ ಹೆಚ್ಚಿನ ಕಡೆ ಸರಿಯಾಗಿಯೇ ಕೂತಿತು.

ತಮ್ಮನ ಪಾತ್ರಕ್ಕೆ ದನಿ ಕೊಡುತ್ತಿದ್ದವನು ಅವರ ಮಗ. ಕಾಲೇಜು ಮುಗಿಸಿ ಇದೇ ಕಸುಬಿಗೆ ಬಿದ್ದಿದ್ದ. ಅಂದು ಕೊನೆಯ ದೃಶ್ಯ. ಗಾಜಿನ ಆಚೆ, ಮೈಕಿನ ಮುಂದೆ ಮಗ. ಈಚೆ ಮೇಷ್ಟ್ರು, ಅವರ ಪಕ್ಕದಲ್ಲಿ ಧ್ವನಿಮುದ್ರಣ ಮಾಡುವ ಹುಡುಗ. ಮಾತು ಕಮ್ಮಿಯೆಂದು ಇವನನ್ನು ಎಲ್ಲರೂ ಮೌನಿ ಎಂದೇ ಕರೆಯುತ್ತಿದ್ದರು. ಹಿಂದಿನ ಸೋಫಾದಲ್ಲಿ ಮೇಷ್ಟ್ರ ಅಕ್ಕ ಚಪ್ಪಲಿ ಬಿಟ್ಟು ಕಾಲು ಮಡಚಿ ಕೂತಿದ್ದರು. ತೆರೆಯ ಮೇಲೆ ಯಾರಾದರೂ ತಾಯಿ ಅಳಬೇಕೆಂದರೆ ಮೈಕಿನ ಮುಂದೆ ಅಕ್ಕನೇ ಅಳಬೇಕು.

ಪರದೆಯಲ್ಲಿ ಪೆಟ್ರೋಲ್ ಬಂಕ್. ದೊಡ್ಡವನು ಬ್ಯಾಗು ಹೆಗಲಿಗೇರಿಸುತ್ತಾನೆ. ಚಿಕ್ಕವನು ಕಾರಿನ ಬಾಗಿಲು ಹಿಡಿದು ನಿಂತಿದ್ದಾನೆ.

“ಅಣ್ಣಾ, ನನ್ನನ್ನ ಇಲ್ಲೇ ಬಿಟ್ಟು ಹೋಗಬೇಡ,” ಎಂದ ಮಗ.

ಮೇಷ್ಟ್ರು ಗಾಜಿನ ಆಚೆಗೆ ಮಾತು ಕೇಳಿಸುವ ಟಾಕ್‌ಬ್ಯಾಕ್ ಗುಂಡಿ ಒತ್ತಿದರು. “ಏನೋ ಇದು, ಬಸ್ ಸ್ಟ್ಯಾಂಡಲ್ಲಿ ಅನೌನ್ಸ್‌ಮೆಂಟ್ ಕೊಟ್ಟ ಹಾಗಿದೆ. ಇನ್ನೊಂದು ಸಲ.”

ಇನ್ನೊಂದು ಸಲವೂ ಅಷ್ಟೇ. ಮತ್ತೊಂದು ಸಲವೂ ಅಷ್ಟೇ.

“ಮಗು ಗಂಟಲು ಕಿತ್ತುಹೋಗತ್ತೆ ಕಣೋ, ನೀರಾದ್ರೂ ಕುಡೀಲಿ,” ಎಂದರು ಅಕ್ಕ.

“ನೀನು ಸುಮ್ನಿರಕ್ಕ,” ಎಂದು ಮೇಷ್ಟ್ರು ಮತ್ತೆ ಗುಂಡಿ ಒತ್ತಿದರು. ಎಲ್ಲ ಕಲಾವಿದರಿಗೂ ಹೇಳುವುದನ್ನೇ ಮಗನಿಗೂ ಹೇಳಿದರು: “ಕಾಗದ ಪಕ್ಕಕ್ಕಿಡು. ಯಾರು ಬಿಟ್ಟುಹೋದ್ರೆ ನಿನ್ನ ಜೀವವೇ ಹೋದ ಹಾಗಾಗತ್ತೋ ಅವರನ್ನ ನೆನೆಸ್ಕೊ. ಅವರಿಗೆ ಹೇಳು.”

ಮಗ ಕಾಗದ ಪಕ್ಕಕ್ಕಿಟ್ಟ. ಪರದೆ ಓಡಿತು.

“ಮೌನೀ, ನನ್ನನ್ನ ಇಲ್ಲೇ ಬಿಟ್ಟು ಹೋಗಬೇಡ. ನೀನಂದ್ರೆ ಪ್ರಾಣ ಕಣೋ ನನಗೆ.”

ಆ ದನಿ ಕೋಣೆಯ ಎರಡೂ ಸ್ಪೀಕರುಗಳಿಂದ ಬಂತು. ಪರದೆಯ ಹುಡುಗನ ತುಟಿಗೂ ಆ ಮಾತಿಗೂ ಕೂದಲೆಳೆಯಷ್ಟೂ ಅಂತರವಿರಲಿಲ್ಲ.

ಮಗ ತಮಾಷೆ ಮಾಡಿದನೆಂದು ಮೇಷ್ಟ್ರು ಒಂದು ಗಳಿಗೆ ನಂಬಲು ನೋಡಿದರು. ಪಕ್ಕಕ್ಕೆ ತಿರುಗಿದಾಗ ಮೌನಿಯ ಕಿವಿಗಳು ಕೆಂಪಾಗಿದ್ದವು. ಕೈ ಮಾತ್ರ ಅಭ್ಯಾಸಬಲದಿಂದ ಟೇಕನ್ನು ಸೇವ್ ಮಾಡುತ್ತಿತ್ತು. ಈ ಹುಡುಗ ಎಷ್ಟು ಸಲ ತಮ್ಮ ಮನೆಯಲ್ಲಿ ಉಂಡಿದ್ದಾನೆ, ಮಗನ ಕೋಣೆಯಲ್ಲಿ ಮಲಗಿದ್ದಾನೆ. ‘ಒಳ್ಳೆ ಸ್ನೇಹಿತ ಸಿಕ್ಕಿದ’ ಎಂದು ತಾವೇ ನಾಲ್ಕು ಜನರೆದುರು ಹೇಳಿಕೊಂಡಿದ್ದರು.

ಹಿಂದೆ ಅಕ್ಕ ನಿಟ್ಟುಸಿರು ಬಿಟ್ಟರು. ಅದು ಬೆಚ್ಚಿದವರ ಉಸಿರಲ್ಲ.

“ನಿನಗೆ ಗೊತ್ತಿತ್ತಾ?” ಮೇಷ್ಟ್ರ ದನಿ ಅವರಿಗೇ ಅಪರಿಚಿತವಾಗಿತ್ತು.

“ಗೊತ್ತಿಲ್ಲದವನು ನೀನೊಬ್ಬನೇ ಕಣೋ. ಊರಿನವರ ಉಚ್ಚಾರಣೆ ತಿದ್ದೋದ್ರಲ್ಲೇ ಮುಳುಗಿದ್ದೆ.”

“ನನಗೆ ಯಾಕೆ ಹೇಳಲಿಲ್ಲ?”

“ಈ ಸಿನಿಮಾ ಬಂದ ದಿನ ವಿತರಕನ ಜೊತೆ ಕಾಫಿ ಕುಡೀತಾ ಏನಂದೆ ನೆನಪಿದ್ಯಾ? ‘ನನ್ನ ಮಗ ಹೀಗಿದ್ದಿದ್ರೆ ಹೊಸಿಲು ತುಳಿಯೋಕೆ ಬಿಡ್ತಿರಲಿಲ್ಲ’ ಅಂದೆ. ಇಬ್ರೂ ನಕ್ಕಿರಿ. ನಿನ್ನ ಮಗ ಬಾಗಿಲಲ್ಲೇ ನಿಂತಿದ್ದ.”

ಮೇಷ್ಟ್ರಿಗೆ ನೆನಪಿರಲಿಲ್ಲ. ಎಷ್ಟು ಕೆದಕಿದರೂ ಆ ಮಾತು ನೆನಪಿಗೆ ಬರಲಿಲ್ಲ. ಕಾಫಿ ತಣ್ಣಗಿದ್ದುದಷ್ಟೇ ನೆನಪಾಯಿತು. ಹಾಗೆ ಹೇಳಿ ಮರೆತುಬಿಡುವಷ್ಟು ಹಗುರವಾಗಿ ಹೇಳಿದ್ದೆನೇ ಎಂದುಕೊಂಡರು.

ಸ್ಪೀಕರಿನಲ್ಲಿ ಮಗನ ದನಿ ಬಂತು. ಗಾಜಿನ ಆಚೆ ಅವನಿಗೆ ಈಚೆಯ ಮಾತು ಒಂದೂ ಕೇಳಿರಲಿಲ್ಲ.

“ಅಪ್ಪಾ, ಟೇಕ್ ಓಕೆನಾ?”

ಮೌನಿ ಮೇಷ್ಟ್ರ ಮುಖ ನೋಡಿದ.

“ಓಕೆ ಆಗದಿದ್ರೆ ‘ಅಣ್ಣಾ’ ಅಂತಲೇ ಇನ್ನೊಂದ್ಸಲ ಹೇಳ್ತೀನಿ. ವಿತರಕರಿಗೆ ಅದೇ ತಾನೆ ಬೇಕು.” ಮಗ ಹೆಡ್‌ಫೋನಿನ ವೈರನ್ನು ಬೆರಳಿಗೆ ಸುತ್ತಿಕೊಂಡ. “ಆದ್ರೆ ಒಂದು ಕೇಳ್ಬೇಕು. ಇವತ್ತು ನಾನು ಮನೆಗೆ ಬರಬಹುದಾ?”

ಮೊದಲು ಕೇಳಿದ್ದಕ್ಕಿಂತ ಈ ಮಾತು ಮೇಷ್ಟ್ರನ್ನು ಹೆಚ್ಚು ಬೆಚ್ಚಿಬೀಳಿಸಿತು. ತನ್ನ ಮನೆಗೆ ಬರಲು ತನ್ನ ಮಗ ಅಪ್ಪಣೆ ಕೇಳುತ್ತಿದ್ದಾನೆ. ಅದೂ ಬೇರೆ ಊರಿನವರು ವಿಳಾಸ ಕೇಳುವಷ್ಟು ಮರ್ಯಾದೆಯಿಂದ.

ಅವರು ಗುಂಡಿ ಒತ್ತಿದರು.

“ಸ್ಕೂಟರ್ ಕೀಲಿ ನಿನ್ನ ಜೇಬಲ್ಲಿದೆ. ನೀನು ಬರದಿದ್ರೆ ನಾನು ಹೇಗೆ ಹೋಗ್ಲೋ ಮನೆಗೆ?” ಬೆರಳನ್ನು ಗುಂಡಿಯಿಂದ ತೆಗೆಯಲಿಲ್ಲ. “ಇನ್ನೊಂದು ಟೇಕ್ ಬೇಡ. ಆ ಹೆಸರಿನ ಜಾಗದಲ್ಲಿ ಸಿನಿಮಾದ ಹುಡುಗನ ಹೆಸರೊಂದನ್ನೇ ಬೇರೆ ಹೇಳಿಸಿ ಸೇರಿಸೋಣ. ಅಣ್ಣ ಗಿಣ್ಣ ಬೇಡ. ವಿತರಕನ ಹತ್ರ ನಾನು ಮಾತಾಡ್ತೀನಿ. ಮಿಕ್ಕಿದ್ದು... ಮಿಕ್ಕಿದ್ದು ನನಗಿನ್ನೂ ಅರ್ಥ ಆಗ್ತಿಲ್ಲ ಮಗಾ. ಸ್ವಲ್ಪ ಸಮಯ ಕೊಡು.”

ಗಾಜಿನ ಆಚೆ ಮಗನ ತುಟಿ ಅಲ್ಲಾಡಿತು. ಮೇಷ್ಟ್ರು ಕಣ್ಣು ಕಿರಿದು ಮಾಡಿ ನೋಡಿದರು. ಏನೂ ಕೇಳಿಸಲಿಲ್ಲ. ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ಈಚೆಯ ಸ್ಪೀಕರು ಬಂದ್ ಆಗಿರುತ್ತದೆ ಎನ್ನುವುದೇ ಅವರಿಗೆ ಮರೆತುಹೋಗಿತ್ತು.

ಮೌನಿ ಮೆಲ್ಲಗೆ ಬಾಯಿ ಬಿಟ್ಟ.

“ಮೇಷ್ಟ್ರೇ, ಬೆರಳು ತೆಗೀರಿ. ಅವನೇನೋ ಹೇಳ್ತಿದ್ದಾನೆ.”