ಹಿಂಬಾಗಿಲ ಸರಪಳಿಯ ಸುದ್ದಿ

ರಾತ್ರಿ ಹನ್ನೊಂದಕ್ಕೆ ಸರಿಯಾಗಿ ಹಿಂಬಾಗಿಲ ಕಡೆಯಿಂದ ಕಿಣಿಕಿಣಿ ಸದ್ದು ಬಂತು. ಸರಪಳಿಯನ್ನು ಬಾಗಿಲ ಹಿಡಿಕೆಗೆ ಎರಡು ಸುತ್ತು ಸುತ್ತಿ ಬೀಗ ಒತ್ತಿದ ಸದ್ದು. ಆಮೇಲೆ ಕಾವಲುಗಾರ ಎಲ್ಪಿಡಿಯೊನ ಚಪ್ಪಲಿಯ ಸಪ್ಪಳ ಮಾವಿನ ಮರದ ಕಡೆ ದೂರವಾಯಿತು.

ನೆನಿಂಗ್ ಪಾಲ್ಮಾರೆಸ್ ಮುಂದೆ ಹರಡಿಕೊಂಡಿದ್ದ ಕರಡು ಪ್ರತಿಯಲ್ಲಿದ್ದದ್ದೂ ಅದೇ ಸರಪಳಿಯ ವಿಷಯ. ಮೂರು ಮಹಡಿಯ ಹುಡುಗಿಯರ ಹಾಸ್ಟೆಲು, ನೂರ ಅರವತ್ತು ಹುಡುಗಿಯರು. ಬೆಂಕಿ ಬಿದ್ದರೆ ಓಡಲೆಂದೇ ಕಟ್ಟಿಸಿದ ಹಿಂಬಾಗಿಲು, ಅದಕ್ಕೆ ದಿನಾ ರಾತ್ರಿ ಬೀಗ. ಕಾಲೇಜಿನ ವಿದ್ಯಾರ್ಥಿ ಪತ್ರಿಕೆ 'ಬಲೂದ್'ನ ಸಂಪಾದಕಿ ರೋಡಲಿನ್ ಹನ್ನೊಂದು ರಾತ್ರಿ ಎದ್ದು ಕೂತು, ಬೀಗ ಬಿದ್ದ ಹೊತ್ತು, ತೆಗೆದ ಹೊತ್ತು ಬರೆದುಕೊಂಡು ಈ ಸುದ್ದಿ ಮಾಡಿದ್ದಳು. ನೆನಿಂಗ್ ಆ ಪತ್ರಿಕೆಯ ಸಲಹೆಗಾರ್ತಿ. ಇಂಗ್ಲಿಷ್ ಪಾಠ ಮಾಡುವವಳೂ ಅವಳೇ, ಹಾಸ್ಟೆಲಿನ ವಾರ್ಡನ್ನೂ ಅವಳೇ. ಒಂಬತ್ತು ವರ್ಷದಿಂದ ತಾತ್ಕಾಲಿಕ ನೌಕರಿ, ಆರಾರು ತಿಂಗಳಿಗೆ ಹೊಸ ಒಪ್ಪಂದ. ಈ ಸಲವಾದರೂ ಕಾಯಂ ಆಗುವ ಸೂಚನೆಯಿತ್ತು. ಅವಳ ಫೈಲು ಡೀನ್ ವಿಲ್ಯಾರುಸ್ ಅವರ ಮೇಜಿನ ಮೇಲಿತ್ತು.

ಈ ಸುದ್ದಿಯೂ ಅದೇ ಮೇಜಿನ ಮೇಲೆ ನಾಲ್ಕು ವಾರ ಕೂತು ಬಂದಿತ್ತು. ವಿದ್ಯಾರ್ಥಿ ಪತ್ರಿಕೆಗಳ ಕಾಯಿದೆಯ ಪ್ರಕಾರ ಡೀನ್ ಅದನ್ನು ನೋಡುವ ಹಾಗೇ ಇಲ್ಲ. ಆದರೆ ಅವರು 'ಸುಮ್ಮನೆ ಕಣ್ಣಾಡಿಸುತ್ತೇನೆ' ಎಂದಿದ್ದರು. ಮೊದಲನೇ ವಾರ ಕಣ್ಣಾಡಿಸಿ, 'ಸರಪಳಿ' ಅನ್ನುವುದನ್ನು ಹೊಡೆದು 'ಭದ್ರತಾ ಸಾಧನ' ಎಂದು ಬರೆದರು. ಎರಡನೇ ವಾರ, ಮಾತಾಡಿದ ಹುಡುಗಿಯರ ತಂದೆ ತಾಯಿಯರಿಂದ ಒಪ್ಪಿಗೆ ಪತ್ರ ತರಿಸಲು ಹೇಳಿದರು. ಮೂರನೇ ವಾರ, ಫೋಟೋದಲ್ಲಿ ಬಾಗಿಲು ಸಾಕು, ಬೀಗ ಬೇಡ ಎಂದರು. ಇವತ್ತು ಇಡೀ ಪುಟಕ್ಕೆ ಓರೆಯಾಗಿ ಹಸಿರು ಗೆರೆ ಎಳೆದು ಬರೆದಿದ್ದರು: 'ತೆಗೆದುಹಾಕಿ. ಮಾನ್ಯತಾ ಸಮಿತಿಯವರು ಬರುವ ಹೊತ್ತಿನಲ್ಲಿ ಇದು ಬೇಡ.' ನಾಲ್ಕು ಸಲವೂ ಸಹಿ, ತಾರೀಖು, ದುಂಡನೆಯ ಮುದ್ರೆ. ಸಹಿ ಹಾಕದೆ ಬಿಡುವ ಮನುಷ್ಯರಲ್ಲ ಅವರು.

ನೆನಿಂಗ್ ಎದ್ದು ಹೋಗಿ ತನ್ನ ಕೋಣೆಯ ಕಿಟಕಿಯ ಸರಳುಗಳನ್ನು ಒಂದು ಸಲ ಅಲ್ಲಾಡಿಸಿ ನೋಡಿದಳು. ದಿನಾ ನೋಡುತ್ತಿದ್ದಳು. ಅವು ಯಾವತ್ತೂ ಅಲ್ಲಾಡಿದ್ದಿಲ್ಲ.

ಬೆಳಿಗ್ಗೆ ಡೀನ್ ಕರೆಸಿದರು. ಕಾರಿಡಾರಿನಲ್ಲೆಲ್ಲ ಹೊಸ ಬಣ್ಣದ ವಾಸನೆ. ಅಕ್ಕಪಕ್ಕದ ಮನೆಗಳಿಂದ ಎರವಲು ತಂದ ಹೂಕುಂಡಗಳನ್ನು ಸಾಲಾಗಿ ಇಟ್ಟಿದ್ದರು.

"ಕೂತ್ಕೊ ಇಂದಾಯ್," ಅಂದರು. ತಂಗಿಯನ್ನೋ ಮಗಳನ್ನೋ ಕರೆಯುವ ಹಾಗೆ. ಅವರು ಹಾಗೆ ಕರೆದಾಗಲೆಲ್ಲ ಏನೋ ಒಂದು ಕೆಲಸ ತಲೆಗೆ ಬೀಳುತ್ತಿತ್ತು. "ಪತ್ರಿಕೆ ಇವತ್ತು ಸಂಜೆಯೊಳಗೆ ಅಚ್ಚಾಗ್ಬೇಕು. ಸಮಿತಿಯವರ ಪೆಟ್ಟಿಗೇಲಿ ಇಡೋಕೆ ಬೇಕೇ ಬೇಕು. ಪತ್ರಿಕಾ ಸ್ವಾತಂತ್ರ್ಯಕ್ಕೆ ಐದು ಅಂಕ ಇದೆ."

"ಆ ಪುಟ ಇಲ್ದೆ."

"ಆ ಪುಟ ಇಲ್ದೆ."

"ಮತ್ತೆ ಆ ಜಾಗದಲ್ಲಿ ಏನು ಹಾಕೋದು ಸರ್?"

"ನನ್ನ ಸಂದೇಶ ಹಾಕು. ಫೋಟೋ ಸಮೇತ ಕೊಡ್ತೀನಿ."

"ನಿಮ್ಮ ಸಂದೇಶ ಮೊದಲ್ನೇ ಪುಟದಲ್ಲೇ ಇದೆಯಲ್ಲ."

"ಅದು ಸ್ವಾಗತ ಸಂದೇಶ. ಇದು ಪತ್ರಿಕಾ ಸ್ವಾತಂತ್ರ್ಯದ ಬಗ್ಗೆ."

ನೆನಿಂಗ್ ಅವರ ಮುಖ ನೋಡಿದಳು. ತಮಾಷೆಯ ಗುರುತೇ ಇರಲಿಲ್ಲ.

"ಸುದ್ದಿ ಬೇಡ ಅಂದ್ರೆ ಬೇಡ ಸರ್. ಆ ಬೀಗನಾದ್ರೂ ತೆಗೆಸಿ."

"ತೆಗೆದ್ರೆ ನಿನ್ನ ಹುಡುಗೀರೆಲ್ಲ ರಾತ್ರಿ ಸಮುದ್ರದ ದಂಡೇಲಿ ಇರ್ತಾರೆ. ಇಷ್ಟು ವರ್ಷದಲ್ಲಿ ಒಂದ್ಸಲನಾದ್ರೂ ಬೆಂಕಿ ಬಿದ್ದಿದ್ಯಾ, ಹೇಳು." ಅವರು ಒಂದು ಹಾಳೆಯನ್ನು ಅವಳ ಕಡೆ ಸರಿಸಿದರು. "ಇನ್ನೊಂದು ಪ್ರಮಾಣ ಪತ್ರ ಬೇಕು. ಪತ್ರಿಕೇಲಿ ಆಡಳಿತದವರು ಕೈ ಹಾಕೋದಿಲ್ಲ ಅಂತ. ಸಲಹೆಗಾರರ ಸಹಿ ಇರ್ಬೇಕಂತೆ. ನಿನ್ನ ಇಂಗ್ಲಿಷ್ ಚೆನ್ನಾಗಿದೆ, ನೀನೇ ಟೈಪ್ ಮಾಡಿಬಿಡು. ಹಾಂ, ನಿನ್ನ ಫೈಲು ನೋಡ್ದೆ. ಈ ವಾರ ಮುಗೀಲಿ."

ಅವಳು ಟೈಪ್ ಮಾಡಿದಳು, ಸಹಿ ಹಾಕಿದಳು. ಮಧ್ಯಾಹ್ನ ರೋಡಲಿನ್ ಕ್ಯಾಂಟೀನಿನ ಹತ್ತಿರ ಅಡ್ಡ ಬಂದು ನಿಂತಳು. ಕೈಯಲ್ಲಿ ಅರ್ಧ ತಿಂದ ಪಾಂಡೆಸಾಲ್ ಬ್ರೆಡ್ಡು.

"ಮ್ಯಾಮ್, ಸಹಿ ಹಾಕಿದ್ರಂತೆ."

"ಹಾಕ್ದೆ."

"ಓದಿ ಹಾಕಿದ್ರಾ?"

"ನಾನೇ ಬರೆದದ್ದು."

"ಚೆನ್ನಾಗಿ ಬರೆದಿರ್ತೀರ ಬಿಡಿ. ಸುದ್ದಿಯ ಮೊದಲ ವಾಕ್ಯದಲ್ಲೇ ನಿಜ ಇರ್ಬೇಕು ಅಂತ ನಮಗೆ ಹೇಳ್ಕೊಟ್ಟೋರು ನೀವೇ." ಹುಡುಗಿಯ ದನಿ ಏರಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. "ನಾವು ಆ ಪುಟ ಖಾಲಿ ಬಿಡ್ತೀವಿ."

"ಬಿಡಕ್ಕಾಗಲ್ಲ. ಅಚ್ಚಿನ ಮನೆಗೆ ಅವರ ಫೋಟೋ ಆಗ್ಲೇ ಹೋಗಿದೆ."

"ನಿಮ್ಮ ಕೋಣೆನೂ ಅದೇ ಕಟ್ಟಡದಲ್ಲಿದೆ ಮ್ಯಾಮ್," ಅಂದು ರೋಡಲಿನ್ ಹೊರಟು ಹೋದಳು.

ಸಂಜೆ ಏಳು ಜನ ಅಧ್ಯಾಪಕರು ಗ್ರಂಥಾಲಯದಲ್ಲಿ ಕೂತು ಸಮಿತಿಯವರ ಪೆಟ್ಟಿಗೆಗಳನ್ನು ತುಂಬಿದರು. ಒಂದೊಂದು ವಿಷಯಕ್ಕೆ ಒಂದೊಂದು ನೀಲಿ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಕಡತಗಳು, ಪ್ರತಿ ಮಾತಿಗೂ ಪುರಾವೆ. ಗೋಡೆಗೆ ಡೀನ್ ಅವರ ಸುತ್ತೋಲೆ ಅಂಟಿಸಿತ್ತು: 'ವಿದ್ಯಾರ್ಥಿ ಚಟುವಟಿಕೆಗಳಿಗೆ ಸಂಬಂಧಿಸಿದಂತೆ ನನ್ನ ಸಹಿ ಇರುವ ಪ್ರತಿಯೊಂದು ಕಾಗದವನ್ನೂ ಆಡಳಿತದ ಬೆಂಬಲಕ್ಕೆ ಪುರಾವೆಯಾಗಿ ತಪ್ಪದೆ ಲಗತ್ತಿಸತಕ್ಕದ್ದು.'

"ಹುಟ್ಟುಹಬ್ಬದ ಕಾರ್ಡಿಗೂ ಸಹಿ ಹಾಕಿದಾನಲ್ಲ, ಅದನ್ನೂ ಲಗತ್ತಿಸ್ಲಾ?" ಅಂದಳು ಮುದುಕಿ ಗೊರ್ಗೋನಿಯಾ. ಮುಂದಿನ ತಿಂಗಳು ನಿವೃತ್ತಿ ಅವಳಿಗೆ, ಯಾರ ಹೆದರಿಕೆಯೂ ಇರಲಿಲ್ಲ. ಹಾಗಾಗಿ ಸಿಕ್ಕಿದ ಹಾಳೆಯನ್ನೆಲ್ಲ ಓದದೆ ತೂತು ಹೊಡೆದು ಪೋಣಿಸುತ್ತಿದ್ದಳು.

ನೆನಿಂಗ್ ಸುತ್ತೋಲೆಯನ್ನು ಎರಡು ಸಲ ಓದಿದಳು. ಪ್ರತಿಯೊಂದು ಕಾಗದ ಎಂದಿತ್ತು. ಪತ್ರಿಕೆಯ ಕಡತ ಅವಳ ಎದುರಿಗೇ ಇತ್ತು, ಮೇಲುಗಡೆ ಅವಳ ಪ್ರಮಾಣ ಪತ್ರ. ಚೀಲದಿಂದ ಕರಡು ಪ್ರತಿ ತೆಗೆದಳು. ಇಂಥದ್ದೇ, ಹಸಿರು ಶಾಯಿಯಲ್ಲೇ ತಿದ್ದಿದ ಇನ್ನೆರಡು ಪ್ರತಿ ಡೀನ್ ಅವರ ಕಚೇರಿಯಲ್ಲೂ ವಿದ್ಯಾರ್ಥಿ ವಿಭಾಗದಲ್ಲೂ ಇದ್ದವು; ಇದು ಯಾರ ಕಡೆಯಿಂದ ಬಂತೆಂದು ಹೇಳುವ ಹಾಗಿರಲಿಲ್ಲ. ಅವಳು ಬೇರೆ ಯಾರಾದರೂ ಮಾಡುವ ಹಾಗೆಯೇ ತೂತು ಹೊಡೆದು, ಪ್ರಮಾಣ ಪತ್ರದ ಹಿಂದೆ ಪೋಣಿಸಿದಳು.

ಆಮೇಲೆ ನೀರು ಕುಡಿದು ಬಂದಳು. ತೆಗೆದುಬಿಡೋಣ ಎಂದು ಕೈ ಚಾಚಿದಾಗ ಯಾರೋ ಕತ್ತರಿ ಕೇಳಿದರು. ಇನ್ನೊಂದು ಸಲ ಧೈರ್ಯ ಮಾಡಿ ಹೋಗುವಷ್ಟರಲ್ಲಿ ಗೊರ್ಗೋನಿಯಾ ಪೆಟ್ಟಿಗೆಗೆ ಟೇಪು ಸುತ್ತಿಯಾಗಿತ್ತು.

ಮಾರನೆಯ ದಿನ ಸಮಿತಿಯವರು ಬಂದರು. ಹೂಮಾಲೆ ಆಯಿತು, ನೃತ್ಯ ಆಯಿತು, ಪಾನ್ಸಿಟ್ ಶಾವಿಗೆ ಆಯಿತು. ಮೂರು ಗಂಟೆಯ ಹೊತ್ತಿಗೆ ಬೇರೆ ದ್ವೀಪದಿಂದ ಬಂದಿದ್ದ ಹಿರಿಯ ಪ್ರೊಫೆಸರಮ್ಮ ಪತ್ರಿಕೆಯ ಕಡತ ತೆರೆದರು. ಪ್ರಮಾಣ ಪತ್ರ ಓದಿದರು. ಹಾಳೆ ತಿರುಗಿಸಿದರು. ಮತ್ತೆ ಹಿಂದಕ್ಕೆ ತಿರುಗಿಸಿ ಪ್ರಮಾಣ ಪತ್ರ ಓದಿದರು. ಕನ್ನಡಕ ಒರೆಸಿಕೊಂಡು ಹಸಿರು ಶಾಯಿಯನ್ನು ಸಾವಕಾಶವಾಗಿ ಓದಿ ಕೇಳಿದರು:

"ಈ ಭದ್ರತಾ ಸಾಧನ ಎಲ್ಲಿದೆ? ನೋಡ್ಬಹುದಾ?"

ನೋಡಲು ಹೋದರೆ ಹಗಲಿನಲ್ಲೂ ಬೀಗ ಹಾಕಿತ್ತು. ಅತಿಥಿಗಳು ಬರುತ್ತಾರೆಂದು ಎಲ್ಪಿಡಿಯೊ ಬೆಳಿಗ್ಗೆ ತೆಗೆದೇ ಇರಲಿಲ್ಲ, ಕಾವಲು ಬಿಗಿಯಾಗಿ ಕಾಣಲಿ ಅಂತ. ಬೀಗದ ಕೈ ಅವನ ಮನೆಯಲ್ಲಿತ್ತು. ಅವನ ಮನೆ ಹೊಳೆಯಾಚೆ. ಪ್ರೊಫೆಸರಮ್ಮ ಗಡಿಯಾರ ನೋಡಿಕೊಂಡು ಅಲ್ಲೇ ನಿಂತರು. ಅವನು ಬೈಕಿನಲ್ಲಿ ಹೋಗಿ ಬರುವುದಕ್ಕೆ ಇಪ್ಪತ್ತಾರು ನಿಮಿಷ ಹಿಡಿಯಿತು. ನಡುವೆ ಡೀನ್ ಒಂದು ಸಲ, ಈ ವರ್ಷ ಸೆಕೆ ಜಾಸ್ತಿ ಅಂದರು.

ಸಂಜೆಯೊಳಗೆ ಸರಪಳಿ ಹೋಯಿತು. ಐದಂಕವೂ ಹೋಯಿತು. ಶುಕ್ರವಾರ ಡೀನ್ ನೆನಿಂಗಳನ್ನು ಕರೆಸಿದರು. ಅವಳು ಕೂರಲಿಲ್ಲ.

"ಯಾರು ಇಟ್ಟಿದ್ದು ಅದನ್ನ?"

"ಏಳು ಜನ ಪೆಟ್ಟಿಗೆ ತುಂಬಿದ್ವಿ ಸರ್. ನಿಮ್ಮ ಸುತ್ತೋಲೆ ಪ್ರಕಾರ."

ಅವರು ಸುತ್ತೋಲೆಯ ಪ್ರತಿ ತೆಗೆದು ನೋಡಿದರು. ಕೆಳಗೆ ಅವರದೇ ಸಹಿ. "ಆ ಗೊರ್ಗೋನಿಯಾ ಇರ್ಬೇಕು. ನನ್ನ ಸಹಿ ಕಂಡ್ರೆ ಸಾಕು, ತೂತು ಹೊಡೀತಾಳೆ. ಬಯ್ಯೋಣ ಅಂದ್ರೆ, ಬಯ್ಯೋದು ಏನಂತ?" ಉಸಿರು ಬಿಟ್ಟರು. "ನೀನೊಬ್ಳು ಹೇಳಿದ ಮಾತು ಕೇಳೋಳು. ನಿನ್ನ ಫೈಲು ಮೇಲಕ್ಕೆ ಕಳಿಸಿದೀನಿ."

"ಹಾಗಾದ್ರೆ ಆ ಸುದ್ದಿ, ಮುಂದಿನ ಸಂಚಿಕೇಲಿ..."

"ಸರಪಳಿನೇ ಇಲ್ವಲ್ಲ ಇಂದಾಯ್. ಇನ್ನೇನು ಸುದ್ದಿ?"

ರಾತ್ರಿ ಹತ್ತೂವರೆಗೆ ರೋಡಲಿನ್ ಬಾಗಿಲು ತಟ್ಟಿದಳು. ಕೈಯಲ್ಲಿ ಟಿಪ್ಪಣಿ ಪುಸ್ತಕ.

"ಹೊಸ ಸುದ್ದಿ ಸಿಕ್ಕಿದೆ ಮ್ಯಾಮ್. ಆ ಕಾಗದ ಪೆಟ್ಟಿಗೇಲಿ ಇಟ್ಟೋರು ಯಾರು ಅಂತ ಬರೀತೀನಿ. ಈ ಕಾಲೇಜಲ್ಲಿ ಬೆನ್ನುಮೂಳೆ ಇರೋರು ಒಬ್ರು ಇದಾರಲ್ಲ, ಹೆಸರು ಗೊತ್ತಾಗ್ಲಿ. ಸಲಹೆ ಕೇಳೋಣ ಅಂತ ಬಂದೆ. ತಾಂತ್ರಿಕ ಸಲಹೆ ಮಾತ್ರ."

"ಏಳು ಜನಾನೂ ಕೇಳು," ಅಂದಳು ನೆನಿಂಗ್. "ಕನಿಷ್ಠ ಇಬ್ರು ಹೇಳದೆ ಬರೀಬೇಡ."

"ನಿಮ್ಮನ್ನೂ ಕೇಳ್ಬೇಕಾ?"

"ಕೇಳ್ಬೇಕು."

"ಸರಿ. ನೀವು ಇಟ್ರಾ?" ಪೆನ್ನಿನ ಮುಚ್ಚಳವನ್ನೂ ತೆಗೆಯದೆ ಕೇಳಿದಳು.

ಒಂದು ಮಾತು ಸಾಕಿತ್ತು. ಈ ಹುಡುಗಿಯ ಕಣ್ಣಿನಲ್ಲಿ ತಾನು ಮತ್ತೆ ಮೊದಲಿನವಳಾಗುತ್ತಿದ್ದಳು. ಆದರೆ ಈ ಹುಡುಗಿ ಅದನ್ನು ಮುಚ್ಚಿಡುವವಳಲ್ಲ. ತಿಳಿದದ್ದನ್ನು ಮುಚ್ಚಿಡಬಾರದು ಎಂದು ಮೂರು ವರ್ಷ ತಾನೇ ಕಲಿಸಿದ್ದಳು. ಫೈಲು ಇನ್ನೂ ಮೇಲೆ ಎಲ್ಲೋ ಒಂದು ಮೇಜಿನ ಮೇಲೆ ಕೂತಿತ್ತು.

"ಹೇಳೋದು ಏನೂ ಇಲ್ಲ ಅಂತ ಬರ್ಕೊ," ಅಂದಳು.

"ಗೊತ್ತಿತ್ತು," ಅಂದು ರೋಡಲಿನ್ ಪುಸ್ತಕ ಮುಚ್ಚಿದಳು. "ಬಾಕಿ ಆರು ಜನಾನೂ ಇದನ್ನೇ ಹೇಳಿದ್ರು."

ಹುಡುಗಿ ಮೆಟ್ಟಿಲು ಹತ್ತಿ ಹೋದಳು. ನೆನಿಂಗ್ ದೀಪ ಆರಿಸಿ ಹಾಸಿಗೆಯ ಅಂಚಿನಲ್ಲಿ ಕೂತಳು. ಹನ್ನೊಂದಾಯಿತು, ಹನ್ನೊಂದೂ ಐದಾಯಿತು. ಎಲ್ಪಿಡಿಯೊನ ಚಪ್ಪಲಿ ಹಿಂಬಾಗಿಲ ತನಕ ಬಂದು, ಅಭ್ಯಾಸಬಲದಿಂದ ಒಂದು ಗಳಿಗೆ ನಿಂತು, ಹಾಗೇ ವಾಪಸು ಹೋಯಿತು. ಊರಲ್ಲಿರುವ ಅಮ್ಮ ನಾಳೆ ಫೋನ್ ಮಾಡಿ ಏನು ವಿಶೇಷ ಎಂದು ಕೇಳುತ್ತಾಳೆ. ಅವಳಿಗೂ ಬೇಡ, ಗೊರ್ಗೋನಿಯಾಗೂ ಬೇಡ, ಫೈಲು ಇಳಿದು ಬಂದ ಮೇಲೂ ಬೇಡ. ಯಾರಿಗೂ ಹೇಳುವುದಿಲ್ಲ ಎಂದು ತೀರ್ಮಾನಿಸಿ ನೆನಿಂಗ್ ಮಲಗಿದಳು.