ಬಾಯಿಬಿಟ್ಟು ಹೇಳಿದ ದರ

ಸೇಡಂ ಪೇಟೆಯ ದಲಾಲಿ ಅಂಗಡಿಗಳ ಮುಂದೆ ಬೆಳಗಿನಿಂದ ರುಮಾಲುಗಳು ಅಲ್ಲಾಡುತ್ತಿದ್ದವು. ಒಂದೊಂದರ ಕೆಳಗೂ ದಲಾಲನದೊಂದು, ವ್ಯಾಪಾರಿಯದೊಂದು ಕೈ. ಬೆರಳು ಅದುಮಿ ದರ ತಿಳಿಸುವುದು ಆ ಕಾಲಕ್ಕೆ ಅಲ್ಲಿಯ ಪದ್ಧತಿ; ಪಕ್ಕದಲ್ಲಿ ನಿಂತವನಿಗೂ ಸುಳಿವು ಸಿಗಬಾರದು. ಮಾಲು ತಂದವರಿಗೆ ದಲಾಲ ಹೇಳಿದ್ದೇ ದರ.

ಐನಾಪುರದ ಮಾಳಮ್ಮ ಎರಡು ಚೀಲ ತೊಗರಿಬೇಳೆ ಇಳಿಸಿಕೊಂಡು ನಿಂತಿದ್ದಳು. ಓಣಿಯ ಹೆಂಗಸರೆಲ್ಲ ಕೂಡಿ ತೊಗರಿಗೆ ಎಣ್ಣೆ ಸವರಿ, ಒಣಗಿಸಿ, ಬೀಸುಕಲ್ಲಿನಲ್ಲಿ ಒಡೆದ ಬೇಳೆ. ಇಷ್ಟು ದಿನ ದಲಾಲ ರೇವಣಪ್ಪನೇ ಮಾರಿ, ತನಗೆ ತೋಚಿದಷ್ಟು ಕೊಡುತ್ತಿದ್ದ. ಈ ಸಲವೂ ಗಿಟ್ಟದಿದ್ದರೆ ಈ ಕೆಲಸವನ್ನೇ ಬಿಟ್ಟು ಕೂಲಿಗೆ ಹೋಗುತ್ತೇವೆಂದು ಹೆಂಗಸರು ಖಂಡಿತವಾಗಿ ಹೇಳಿಬಿಟ್ಟಿದ್ದರು.

“ನೀ ಮನಿಗಿ ನಡಿ ತಂಗಿ, ನಾ ಮಾರಿ ರೊಕ್ಕ ಕಳಸ್ತೀನಿ,” ಎಂದ ರೇವಣಪ್ಪ. “ಹೆಣ್ಮಗಳು ಪರಗಂಡಸಿನ ಕೈಯಾಗ ಕೈ ಇಡೂದು ಚಲೋ ಕಾಣಂಗಿಲ್ಲ. ನಿನ್ನ ಮಾನಕ್ಕಂತ ಹೇಳ್ಲಿಕತ್ತೀನಿ.”

ಅವನು ಮನಸಾರೆ ಹಾಗೆ ನಂಬಿದ್ದ. ಮಾಳಮ್ಮನ ಮೈ ಉರಿದದ್ದು ಅದಕ್ಕೇ.

“ಕೈ ಯಾರಿಗಿ ಬೇಕ್ರಿ ಅಣ್ಣಾ? ನನಗ ಬಾಯಿ ಅದ,” ಎಂದವಳೇ ತಾಂಡೂರಿನ ವ್ಯಾಪಾರಿ ಗನಿಸಾಬನತ್ತ ತಿರುಗಿ, ಇಡೀ ಪೇಟೆಗೆ ಕೇಳುವಂತೆ ಕೂಗಿದಳು. “ಸಾಬ್ರ, ಚೀಲಕ್ಕ ನೂರಾ ಎಂಬತ್ತು. ಬೇಳಿ ನೋಡಿ ಮಾತಾಡ್ರಿ.”

ರುಮಾಲುಗಳ ಅಲ್ಲಾಟ ನಿಂತಿತು.

“ಹಿಂಗ ಒದರಿದ್ರ ಬಜಾರ ಕೆಡ್ತದ,” ರೇವಣಪ್ಪನ ದನಿ ಏರಿತು. “ನಾಳೆ ದರ ಬಿದ್ದರೂ ಎಲ್ಲಾರ ಮುಂದೇ ಬೀಳ್ತದ. ಆಗ ಅಳಬ್ಯಾಡ.”

“ಅಳೂದಿದ್ರೂ ಗೊತ್ತಾಗಿ ಅಳ್ತೀವ್ರಿ.”

ಗನಿಸಾಬ ಬೇಳೆ ಹಲ್ಲಿಗೆ ಹಾಕಿ ಕಡಿದ. ಅವನಿಗೂ ಮುಜುಗರ, ವ್ಯಾಪಾರಕ್ಕೆ ಇಳಿದಾಗಿನಿಂದ ದರವನ್ನು ಬಾಯಲ್ಲಿ ಆಡಿದವನಲ್ಲ. ಆದರೆ ಅಂಥ ಬೇಳೆ ಬಿಟ್ಟುಹೋಗಲು ಮನಸ್ಸು ಬರಲಿಲ್ಲ.

“ನೂರಾ ಎಪ್ಪತ್ತು ಅಮ್ಮಾ. ಅದರ ಮ್ಯಾಲೆ ಆಗಂಗಿಲ್ಲ.”

ಹೋದ ತಿಂಗಳು ಇಂಥದೇ ಬೇಳೆಯನ್ನು ಇದೇ ಗನಿಸಾಬನಿಗೆ ಮಾರಿ ರೇವಣಪ್ಪ ಕೊಟ್ಟಿದ್ದು ಚೀಲಕ್ಕೆ ನೂರಾ ಮೂವತ್ತು. ಮಾಳಮ್ಮನಿಗೆ ಸಿಟ್ಟು ಉಕ್ಕಿತು. ಓಣಿಯ ಹೆಂಗಸರ ಬೊಬ್ಬೆ ಎದ್ದ ಅಂಗೈಗಳು ಕಣ್ಣ ಮುಂದೆ ಬಂದವು.

“ತೂಕ ಮಾಡ್ರಿ,” ಎಂದಳು.

ಮಾರಾಟವಾದರೂ ಇನ್ನೂ ಸಾಗಿಸದಿದ್ದ ತನ್ನ ತೊಗರಿ ಚೀಲದ ಮೇಲೆ ಕೂತಿದ್ದ ಮುದುಕ ಸಾಯಬಣ್ಣ ಮೆಲ್ಲಗೆ ಎದ್ದ. ಮೂವತ್ತು ವರ್ಷದಿಂದ ರೇವಣಪ್ಪನ ಅಂಗಡಿಗೇ ಮಾಲು ಹಾಕುತ್ತಿದ್ದವನು.

“ರೇವಣಪ್ಪಾ, ಮುಂಜಾನೆ ನನ್ನ ತೊಗರಿ ಎಷ್ಟಕ್ಕ ಹೋಯ್ತು? ಬಾಯಿಲೆ ಹೇಳು.”

ರೇವಣಪ್ಪ ಏನೋ ಗೊಣಗಿದ. ಪೇಟೆಯವರೆಲ್ಲ ಅವನನ್ನೇ ನೋಡುತ್ತಿದ್ದರು.

“ಕೇಳಿಸಲಿಲ್ಲರಿ ಅಣ್ಣಾ,” ಎಂದಳು ಮಾಳಮ್ಮ.